ಅಂಗಳದ ತಟ್ಟೆಗೆ ಮರಿಹಕ್ಕಿಗಳು ಬರ್ಲಿಕ್ಕೆ ಸುರುವಾಯ್ತು, ನಿಮ್ಮಲ್ಲಿ ಯಾವುದೆಲ್ಲ ಉಂಟು?

ತೋಟದಂಚಿನ ಮನೆ (ಬದಿಯಡ್ಕ)

ಕೆಮ್ಮೀಸೆ ಪಿಕಳಾರದ (ಬುಲ್‌ಬುಲ್) ಮರಿಗೆ ಕೆನ್ನೆಯ ಕೆಂಪು ಚುಕ್ಕೆ ಇರುವುದಿಲ್ಲ. ಇದನ್ನು ಮೊದಲೇ ಹೇಳ್ತೇನೆ, ಯಾಕಂದ್ರೆ ಪ್ರತಿವರ್ಷ ವಿಷು ಕಳೆದ ಮೇಲೆ "ಇದು ಯಾವ ಹೊಸ ಹಕ್ಕಿ ಮಾರಾಯ್ರೆ" ಅಂತ ಫೋಟೋ ಬರ್ತದಲ್ಲ, ಅದರಲ್ಲಿ ಹೆಚ್ಚಿನವು ನಮ್ಮದೇ ತೋಟದ ಹಕ್ಕಿಗಳ ಮಕ್ಕಳು. ಜುಟ್ಟು ಇನ್ನೂ ಕಪ್ಪಾಗಿರುವುದಿಲ್ಲ, ಕಂದು. ಬಾಲದ ಬುಡದಲ್ಲಿ ದೊಡ್ಡವಕ್ಕೆ ಇರುವ ಕೆಂಪಿನ ಬದಲು ಮಾಸಿದ ಕಿತ್ತಳೆ. ಬಾಲ ಗಿಡ್ಡ. ಕೊಕ್ಕಿನ ಮೂಲೆಯಲ್ಲಿ ಹಳದಿ ಅಂಚು ದಪ್ಪಕ್ಕೆ ಕಾಣ್ತದೆ, ಗೂಡಿನಲ್ಲಿ ಬಾಯಿ ಬಿಟ್ಟು ಕೂತಾಗ ತುತ್ತು ಎಲ್ಲಿಗೆ ಇಡ್ಬೇಕು ಅಂತ ಅಪ್ಪ ಅಮ್ಮನಿಗೆ ಕಾಣ್ಲಿಕ್ಕೆ ಇರುವ ಗುರುತು ಅದು, ಹಾರ್ಲಿಕ್ಕೆ ಕಲಿತ ಮೇಲೂ ಕೆಲವು ದಿನ ಉಳೀತದೆ.

ನಮ್ಮಲ್ಲಿ ಅಡಿಕೆ ಒಣಗಿಸುವ ಅಂಗಳದ ಆಚೆ ಬದಿಗೆ ಕೆಂಪುಕಲ್ಲಿನ ಗಿಡ್ಡ ಗೋಡೆ ಉಂಟು. ಅದರ ಮೇಲೆ ಹಾಳೆ ತಟ್ಟೆಯಲ್ಲಿ ಬಾಳೆಹಣ್ಣು, ಮಣ್ಣಿನ ತಟ್ಟೆಯಲ್ಲಿ ನೀರು. ಈಗ ಬೆಳಿಗ್ಗೆ ಬೆಳಿಗ್ಗೆ ಪಿಕಳಾರದ ಜೋಡಿ ಮರಿಗಳನ್ನು ಕರ್ಕೊಂಡು ಬರ್ತವೆ. ನೋಡ್ಲಿಕ್ಕೆ ಎಷ್ಟು ಚಂದ ಗೊತ್ತುಂಟಾ, ಮರಿ ಹಣ್ಣಿನ ಮೇಲೆಯೇ ನಿಂತಿರ್ತದೆ, ಆದ್ರೆ ತಿನ್ನುವುದಿಲ್ಲ, ರೆಕ್ಕೆ ಕೆಳಗೆ ಬಿಟ್ಟು ನಡುಗಿಸ್ತಾ ಬಾಯಿ ತೆರೆದು ಅಮ್ಮನ ಮುಖ ನೋಡ್ತದೆ, ಅಮ್ಮ ಅದರ ಕಾಲಡಿಯ ಹಣ್ಣಿನಿಂದಲೇ ಚೂರು ಕಿತ್ತು ಬಾಯಿಗೆ ಇಡ್ತದೆ. ಸ್ವಲ್ಪ ದಿನ ಹೋದ್ರೆ ಅಮ್ಮ ಕೊಡುವುದು ಕಮ್ಮಿ ಮಾಡ್ತದೆ. ಮರಿ ಕೂಗ್ತದೆ, ಹಿಂದೆ ಹಿಂದೆ ಹೋಗ್ತದೆ, ಕಡೆಗೆ ತಾನೇ ಕುಕ್ಕಿ ನೋಡ್ತದೆ, ಮೊದಲು ಸಿಪ್ಪೆಗೆ, ಮತ್ತೆ ತಟ್ಟೆಯ ಅಂಚಿಗೆ, ಆಮೇಲೆ ಹಣ್ಣಿಗೆ. ತಟ್ಟೆಗೆ ಬರುವ ಮರಿ ಹೊಟ್ಟೆ ತುಂಬಿಸ್ಲಿಕ್ಕೆ ಮಾತ್ರ ಬರುವುದಲ್ಲ, ಎಂತ ತಿನ್ಬೇಕು, ಹೇಗೆ ತಿನ್ಬೇಕು, ಯಾರನ್ನು ಕಂಡ್ರೆ ಓಡ್ಬೇಕು, ಎಲ್ಲ ಅಲ್ಲೇ ಕಲೀತದೆ.

ಇನ್ನೊಂದು ವಿಷಯ. 2015ರಿಂದ 2020ರವರೆಗೆ ಕೇರಳ ಬರ್ಡ್ ಅಟ್ಲಾಸ್ ಅಂತ ರಾಜ್ಯದ ಹಕ್ಕಿಗಳ ಲೆಕ್ಕ ತೆಗೆಯುವ ಕೆಲಸ ಆಯ್ತಲ್ಲ, ಕಾಸರಗೋಡಿನಿಂದ ತಿರುವನಂತಪುರದವರೆಗೆ, 361 ಜಾತಿ ಹಕ್ಕಿ ದಾಖಲಾದ ದೊಡ್ಡ ಕೆಲಸ ಅದು. ಆದ್ರೆ ಅದರ ಲೆಕ್ಕ ತೆಗ್ದದ್ದು ಜನವರಿ ನಡುವಿನಿಂದ ಮಾರ್ಚ್ ನಡುವಿಗೆ, ಮತ್ತೆ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿಗೆ. ನಮ್ಮ ಅಂಗಳದಲ್ಲಿ ಮರಿಗಳು ಜೋರಾಗಿ ಕಾಣುವ ಎಪ್ರಿಲ್, ಮೇ ಅದರ ಮಧ್ಯದ ಖಾಲಿಯಲ್ಲಿ ಬೀಳ್ತದೆ. ಹಾಗಾಗಿ ಮನೆಯಲ್ಲಿ ಕೂತು ನೋಡಿದವರ ಮಾತಿಗೂ ಬೆಲೆ ಉಂಟು. ಯಾವ ಹಕ್ಕಿಯ ಮರಿ, ಯಾರು ತುತ್ತು ಕೊಟ್ರು, ಎಂತ ಕೊಟ್ರು, ಇಷ್ಟು ಬರೀರಿ.

ಪೆರ್ಲದವ

ನಮ್ಮಲ್ಲಿ ಹರಟೆಮಲ್ಲನ ಗುಂಪು. ಮರಿ ಯಾವುದು ಅಂತ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ ಅಣ್ಣ, ಎಲ್ಲವೂ ಒಂದೇ ಮಣ್ಣು ಬಣ್ಣ. ಕಣ್ಣು ನೋಡ್ಬೇಕು. ದೊಡ್ಡವಕ್ಕೆ ಕಣ್ಣು ಬಿಳಿಚಿಕೊಂಡು ಸಿಟ್ಟು ಬಂದ ಹಾಗೆ ಕಾಣ್ತದೆ, ಮರಿಗಳ ಕಣ್ಣು ಕಪ್ಪು ಕಪ್ಪು. ಮತ್ತೆ ತುತ್ತು ಕೊಡುವುದು ಅಪ್ಪ ಅಮ್ಮ ಮಾತ್ರ ಅಲ್ಲ, ಗುಂಪಿನಲ್ಲಿ ಬೇರೆಯವು ಕೂಡ ಬಂದು ಕೊಡ್ತವೆ. ಗೊಬ್ಬರದ ಗುಂಡಿ ಹತ್ರ ತರಗೆಲೆ ಮಗುಚಿ ಹಾಕಿ ಹುಳ ಹುಡುಕುವುದು, ಸಿಕ್ಕಿದ ಕೂಡ್ಲೇ ಮರಿ ಎಲ್ಲಿದೆ ಅಂತ ಓಡುವುದು. ಹಣ್ಣು ಇಟ್ರೂ ಮರಿಗೆ ಕೊಡುವುದು ಹುಳವನ್ನೇ ಜಾಸ್ತಿ.

ಕುಂಬಳೆ ಟೀಚರ್

ಇದು ಒಳ್ಳೇ ಹೊತ್ತಿಗೆ ಬಂತು. ಪ್ರತಿ ಸಲ ಪರೀಕ್ಷೆ ಮುಗಿಯುವ ಸಮಯಕ್ಕೆ ಯಾರಾದ್ರೂ ಮಕ್ಕಳು ಚಪ್ಪಲಿ ಬಾಕ್ಸಿನಲ್ಲಿ ಹಕ್ಕಿಮರಿ ತರ್ತಾರೆ. "ಟೀಚರ್, ಕೆಳಗೆ ಬಿದ್ದಿತ್ತು, ಅದಕ್ಕೆ ಅಮ್ಮ ಇಲ್ಲ" ಅಂತ. ಮನುಷ್ಯರು ಮುಟ್ಟಿದ್ರೆ ಅಮ್ಮ ಹಕ್ಕಿ ಮತ್ತೆ ಸೇರಿಸುವುದಿಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳಿದ್ದಾರಂತೆ, ಅದಕ್ಕೆ ವಾಪಸ್ ಬಿಡ್ಲಿಕ್ಕೂ ಒಪ್ಪುವುದಿಲ್ಲ. ಮಕ್ಕಳಿಗೆ ಸರಿಯಾಗಿ ಎಂತ ಹೇಳ್ಬೇಕು, ಇಲ್ಲಿ ಯಾರಾದ್ರೂ ಬಿಡಿಸಿ ಬರೀತೀರಾ?

ತೋಟದಂಚಿನ ಮನೆ (ಬದಿಯಡ್ಕ)

ಟೀಚರ್, ಮುಟ್ಟಿದ್ರೆ ಬಿಟ್ಟು ಹೋಗ್ತದೆ ಅನ್ನುವುದು ಸತ್ಯ ಅಲ್ಲ. ನಮ್ಮ ಅಂಗಳದ ಈ ಹಕ್ಕಿಗಳು ಮರಿಯನ್ನು ಗುರುತಿಸುವುದು ವಾಸನೆಯಿಂದ ಅಲ್ಲ, ಕಣ್ಣಿನಿಂದ, ಕೂಗಿನಿಂದ. ಮರಿ ವಾಪಸ್ ಜಾಗಕ್ಕೆ ಹೋಗಿ ಒಂದು ಸಲ ಕೂಗಿದ್ರೆ ಸಾಕು, ಅಮ್ಮ ಬರ್ತದೆ.

ಮಕ್ಕಳಿಗೆ ಮೊದಲು ಗರಿ ನೋಡ್ಲಿಕ್ಕೆ ಹೇಳಿ. ಮೈತುಂಬ ಗರಿ ಉಂಟು, ಬಾಲ ಗಿಡ್ಡ, ಕುಪ್ಪಳಿಸ್ತದೆ, ಕೈಗೆ ಬಂದ್ರೆ ಬೆರಳು ಹಿಡಿದು ಕೂತ್ಕೊಳ್ತದೆ ಅಂತಾದ್ರೆ ಅದು ಬಿದ್ದ ಮರಿ ಅಲ್ಲವೇ ಅಲ್ಲ, ಗೂಡು ಬಿಟ್ಟು ಹೊರಟ ಮರಿ. ಪಿಕಳಾರದ ಮರಿ ಮೊಟ್ಟೆಯಿಂದ ಹೊರಗೆ ಬಂದು ಹೆಚ್ಚು ಕಮ್ಮಿ 12 ದಿನಕ್ಕೇ ಗೂಡು ಬಿಡ್ತದೆ, ಆಗ ಅದಕ್ಕೆ ಸರಿಯಾಗಿ ಹಾರ್ಲಿಕ್ಕೆ ಬರುವುದಿಲ್ಲ. ನೆಲದಲ್ಲಿ, ಗಿಡದ ಬುಡದಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಅಲ್ಲಿ ಇಲ್ಲಿ ಕೂತಿರ್ತದೆ, ಅಪ್ಪ ಅಮ್ಮ ಮೇಲಿನಿಂದ ನೋಡ್ತಾ ಇರ್ತವೆ, ನಾವು ಹತ್ರ ನಿಂತಷ್ಟು ಹೊತ್ತು ಅವು ಕೆಳಗೆ ಬರುವುದಿಲ್ಲ ಅಷ್ಟೇ. ಅದನ್ನು "ರಕ್ಷಣೆ" ಅಂತ ಎತ್ಕೊಂಡು ಬಂದ್ರೆ ಅಮ್ಮ ಇರುವ ಮಗುವನ್ನು ಅನಾಥ ಮಾಡಿದ ಹಾಗಾಯ್ತು. ಬೆಕ್ಕು ನಾಯಿ ಹತ್ರ ಇದ್ರೆ ಮಾತ್ರ ಎತ್ತಿ ಪಕ್ಕದ ದಾಸವಾಳದ ಪೊದೆಯಲ್ಲೋ ಕಾಳುಮೆಣಸಿನ ಬಳ್ಳಿಯಲ್ಲೋ ಕೂರಿಸಿ ದೂರ ಹೋಗ್ಬೇಕು.

ಗರಿ ಇಲ್ಲ, ಕಣ್ಣು ಬಿಟ್ಟಿಲ್ಲ, ಮೈ ಎಲ್ಲ ಗುಲಾಬಿ ಬಣ್ಣ ಅಂತಾದ್ರೆ ಅದು ನಿಜವಾಗಿಯೂ ಬಿದ್ದ ಮರಿ. ಗೂಡು ಸಿಕ್ಕಿದ್ರೆ ಮೆಲ್ಲ ವಾಪಸ್ ಇಡಿ. ಗೂಡೇ ಗಾಳಿಗೆ ಬಿದ್ದಿದ್ರೆ ದೊಡ್ಡ ತೆಂಗಿನ ಗೆರಟೆಗೆ ಅಡಿಯಲ್ಲಿ ತೂತು ಕೊರೆದು, ಒಣ ಹುಲ್ಲು ಹಾಕಿ, ಮೊದಲಿನ ಗೂಡು ಇದ್ದ ಜಾಗಕ್ಕೆ ಎಷ್ಟು ಹತ್ರ ಆಗ್ತದೋ ಅಷ್ಟು ಹತ್ರ ಕಟ್ಟಿ. ತೂತು ಮರೀಬೇಡಿ, ನಮ್ಮ ಮಳೆಗೆ ನೀರು ನಿಂತ್ರೆ ಮರಿ ಮುಳುಗ್ತದೆ. ಆಮೇಲೆ ಮನೆಯೊಳಗೆ ಹೋಗಿ ಕಿಟಕಿಯಿಂದ ನೋಡಿ.

ಎರಡು ಮಾಡ್ಲೇಬಾರದು. ಬಾಯಿಗೆ ನೀರು ಹನಿಸುವುದು, ಅದು ಶ್ವಾಸಕ್ಕೆ ಹೋಗಿ ಮರಿ ಸಾಯ್ಬಹುದು. ಮತ್ತೆ ಹಾಲು ಬ್ರೆಡ್ಡು, ಹಕ್ಕಿಗೆ ಹಾಲು ಜೀರ್ಣ ಆಗುವುದಿಲ್ಲ. ಪೆಟ್ಟಾಗಿದ್ರೆ, ರಕ್ತ ಬರ್ತಾ ಇದ್ರೆ ತೂತು ಇರುವ ಬಾಕ್ಸಿನಲ್ಲಿ ಕತ್ತಲೆ ಮಾಡಿ ಇಟ್ಟು ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ಫೋನ್ ಮಾಡಿ. ಗಿಳಿಮರಿ ಸಾಕುವ ಆಸೆ ಮಕ್ಕಳಿಗೆ ಇರ್ತದೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಊರಿನ ಗಿಳಿಯನ್ನು ಹಿಡಿದು ಸಾಕುವುದು ಅಪರಾಧ ಅಂತಲೂ ಒಂದು ಮಾತು ಹೇಳಿಬಿಡಿ.

ಕುಂಬಳೆ ಟೀಚರ್

ತುಂಬಾ ಉಪಕಾರ ಆಯ್ತು. ಗೆರಟೆಯದ್ದು ನಾಳೆಯೇ ಮಕ್ಕಳ ಕೈಯಲ್ಲಿ ಮಾಡಿಸ್ತೇನೆ, ಅವರಿಗೆ ಕೈಕೆಲಸ ಆದ್ರೆ ಮಾತು ನೆನಪಿರ್ತದೆ.

ಉಪ್ಪಳ ಕಡಲಬದಿ

ಎಲ್ಲ ಓದಿದೆ, ಚಂದ ಬರ್ದಿದ್ದೀರಿ. ಆದ್ರೆ ನನಗೆ ಒಂದು ವಿಷಯ ಒಪ್ಪಿಗೆ ಇಲ್ಲ, ಬೇಜಾರು ಮಾಡ್ಬೇಡಿ. ಹಕ್ಕಿಗೆ ನಾವು ಯಾಕೆ ತಿನ್ಲಿಕ್ಕೆ ಇಡ್ಬೇಕು? ನಮ್ಮ ಬದಿಯ ಮನೆಯಲ್ಲಿ ದಿನಾ ಅನ್ನ ಚೆಲ್ತಾರೆ, ಬರುವುದು ಕಾಗೆ ಮತ್ತು ಗೊರವಂಕ. ಆ ಕಾಗೆಗಳು ಅನ್ನ ತಿಂದು ಸುಮ್ಮನೆ ಹೋಗುವುದಿಲ್ಲ, ಪಕ್ಕದ ನುಗ್ಗೆ ಮರದಲ್ಲಿ ಪಿಕಳಾರದ ಗೂಡು ಇತ್ತು, ಮರಿಗಳನ್ನು ಒಂದೊಂದೇ ಎತ್ಕೊಂಡು ಹೋದವು. ಅನ್ನದ ಆಸೆಗೆ ಅಲ್ಲೇ ಸುತ್ತಾಡಿದ್ದಕ್ಕೆ ಗೂಡು ಕಣ್ಣಿಗೆ ಬಿತ್ತು ಅಂತ ನನ್ನ ಅಂದಾಜು. ತಟ್ಟೆ ಇಟ್ಟವರು ಇದನ್ನು ಯೋಚನೆ ಮಾಡ್ಬೇಕು.

ತೋಟದಂಚಿನ ಮನೆ (ಬದಿಯಡ್ಕ)

ಬೇಜಾರು ಎಂತಕ್ಕೆ, ನೀವು ಹೇಳಿದ್ದು ಸರಿ ಉಂಟು. ಅನ್ನ ಚೆಲ್ಲುವುದಕ್ಕೆ ನಾನು ಕೂಡ ವಿರೋಧ. ಅನ್ನ, ಮಿಕ್ಸ್ಚರ್, ಉಪ್ಪು ಖಾರ ಹಾಕಿದ್ದು, ಬ್ರೆಡ್ಡು, ಇದು ಯಾವುದೂ ಬೇಡ. ಹಣ್ಣು ಸ್ವಲ್ಪವೇ ಇಡ್ಬೇಕು, ಬೆಳಗ್ಗಿನ ಹೊತ್ತಿಗೆ ತಿಂದು ಮುಗಿಯುವಷ್ಟು. ಉಳಿದದ್ದನ್ನು ತೆಗೆದುಬಿಡ್ಬೇಕು, ಇಲ್ಲದಿದ್ರೆ ಮಧ್ಯಾಹ್ನಕ್ಕೆ ನೊಣ, ರಾತ್ರಿಗೆ ಇಲಿ. ಹಾಳೆ ತಟ್ಟೆ ನನಗೆ ಇಷ್ಟ ಆಗುವುದು ಅದಕ್ಕೇ, ಹಳತಾದ್ರೆ ಗೊಬ್ಬರದ ಗುಂಡಿಗೆ ಹಾಕಿ ಹೊಸದು ಇಡ್ಬಹುದು. ಪ್ಲಾಸ್ಟಿಕ್ ಫೀಡರ್ ಆದ್ರೆ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸ್ಲೇಬೇಕು, ಒಂದು ಹಕ್ಕಿಗೆ ರೋಗ ಇದ್ರೆ ಒಂದೇ ತಟ್ಟೆಯಲ್ಲಿ ತಿಂದ ಎಲ್ಲದಕ್ಕೂ ಹರಡ್ತದೆ, ಮರಿಗಳಿಗೆ ತಡ್ಕೊಳ್ಳುವ ಶಕ್ತಿ ಕಮ್ಮಿ.

ಆದ್ರೆ ತಟ್ಟೆಯಿಂದ ಮರಿ ಬದುಕುವುದಲ್ಲ, ಪೆರ್ಲದ ಅಣ್ಣ ಹೇಳಿದ್ರಲ್ಲ, ಹುಳ. ಹಣ್ಣು ತಿನ್ನುವ ಪಿಕಳಾರ, ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಕಂಬಳಿಹುಳ, ಮಿಡತೆ, ಜೇಡ ತಂದು ಕೊಡುವುದು, ಗರಿ ಎಲುಬು ಬೆಳೀಲಿಕ್ಕೆ ಅದೇ ಆಗ್ಬೇಕು. ಪಾರಿವಾಳದ ಜಾತಿಯ ಬೆಳವ ಒಂದು ಬೇರೆ, ಅದು ತನ್ನ ಗಂಟಲ ಚೀಲದಲ್ಲಿ ಹಾಲಿನ ಹಾಗಿರುವುದನ್ನು ಮಾಡಿ ಕುಡಿಸ್ತದೆ, ಗಂಡೂ ಕುಡಿಸ್ತದೆ ಹೆಣ್ಣೂ ಕುಡಿಸ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಹುಳ ಬೇಕೇ ಬೇಕು. ಹಾಗಾಗಿ ತಟ್ಟೆ ಇಡುವವರು ಅದರ ಹತ್ತು ಪಟ್ಟು ಗಮನ ತೋಟದ ಕಡೆಗೆ ಕೊಡ್ಬೇಕು. ಅಂಗಳದ ಸುತ್ತ ಹುಲ್ಲು ಬರದ ಹಾಗೆ ಕಳೆನಾಶಕ ಹೊಡೆದು, ತರಗೆಲೆ ಎಲ್ಲ ಗುಡಿಸಿ ಸುಟ್ಟು, ಒಂದು ಬಾಳೆಹಣ್ಣು ಇಟ್ರೆ ಆ ಹಕ್ಕಿಗೆ ನಾವು ಎಂತ ಕೊಟ್ಟ ಹಾಗಾಯ್ತು?

ಹಳೆ ತಲೆ (ಎಣ್ಮಕಜೆ)

ಮದ್ದಿನ ವಿಷಯ ಬಂತಲ್ಲ, ಹಾಗಾಗಿ ಬರೀತೇನೆ. ನಮ್ಮ ಗುಡ್ಡೆಯ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡ್ತಾ ಇದ್ದ ಕಾಲ ನಾನು ಕಂಡವ. 2000ದಲ್ಲಿ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಕೊಟ್ಟಿತು. ಮನುಷ್ಯರಿಗೆ, ಮಕ್ಕಳಿಗೆ ಆದ ಸಂಕಟ ಎಲ್ಲರಿಗೂ ಗೊತ್ತುಂಟು, ಅದನ್ನು ಮತ್ತೆ ಬರೀಲಿಕ್ಕೆ ನನ್ನಿಂದ ಆಗುವುದಿಲ್ಲ. ಆದ್ರೆ ಆ ವರ್ಷಗಳಲ್ಲಿ ಜೇನು ಪೆಟ್ಟಿಗೆ ಖಾಲಿ ಆದದ್ದು, ತೋಡಿನಲ್ಲಿ ಮೀನು ಮಗುಚಿ ತೇಲಿದ್ದು, ಬೆಳಿಗ್ಗೆ ಎದ್ರೆ ತೋಟದಲ್ಲಿ ಶಬ್ದವೇ ಇಲ್ಲದ್ದು, ಅದು ನನಗೆ ಈಗಲೂ ಕಿವಿಯಲ್ಲಿ ಉಂಟು. ಈಗ ನಮ್ಮಲ್ಲಿ ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ಬಾಯಲ್ಲಿ ನೀರು ನಿಲ್ಲುವ ಹೊಂಡಕ್ಕೆ ಮಡಿವಾಳ ಹಕ್ಕಿ ಮರಿ ಕರ್ಕೊಂಡು ಮೀಯ್ಲಿಕ್ಕೆ ಬರ್ತದೆ. ನೋಡುವಾಗ ಸಂತೋಷ ಆಗ್ತದೆ ಮಕ್ಕಳೇ, ಹೇಳಿ ಮುಗಿಯುವುದಿಲ್ಲ.

ಪೆರ್ಲದವ

ಮಾವ, ನಿಮ್ಮ ಮಾತು ಓದಿ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಒಂದು ಕೇಳ್ಲಿಕ್ಕುಂಟು. ಮಳೆಗೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡ್ತೇವಲ್ಲ, 100 ಲೀಟರಿಗೆ ಮೈಲುತುತ್ತು ಒಂದು ಕಿಲೋ ಸುಣ್ಣ ಒಂದು ಕಿಲೋ, ಅದರಿಂದ ಗೂಡಿಗೆ ತೊಂದರೆ ಉಂಟಾ? ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲೇ ಪಿಕಳಾರ ಗೂಡು ಕಟ್ಟುವುದು.

ಹಳೆ ತಲೆ (ಎಣ್ಮಕಜೆ)

ಬೋರ್ಡೋ ಬೂಸ್ಟು ಕೊಲ್ಲುವ ಮದ್ದು, ಹುಳ ಕೊಲ್ಲುವ ಮದ್ದು ಅಲ್ಲ. ಆದ್ರೂ ಮರಿಯ ಮೈಮೇಲೆ, ಗೂಡಿನ ಮೇಲೆ ಬೀಳ್ಬಾರದು. ನಾನು ಮದ್ದು ಬಿಡುವವನಿಗೆ ಮೊದಲೇ ಗೂಡು ಇರುವ ಮರಕ್ಕೆ ಒಂದು ಬಾಳೆಬಳ್ಳಿ ಕಟ್ಟಿ ಗುರುತು ಮಾಡಿ ಕೊಡ್ತೇನೆ. ಆ ಒಂದು ಮರ ಬಿಟ್ಟು ಬಿಡ್ಲಿ, ಮರಿ ಹಾರಿದ ಮೇಲೆ ಕೊಟ್ರೆ ಆಯ್ತು.

ಸುರಂಗ ನೀರು (ಬಾಯಾರು)

ಕುಟ್ರು ಹಕ್ಕಿಯ ಮರಿ ಯಾರೂ ಹೇಳ್ಲಿಲ್ಲ. ಒಂದು ತಿಂಗಳಿಗಿಂತ ಜಾಸ್ತಿ ಪೊಟರೆಯೊಳಗೇ ಇರ್ತದೆ ಅದು, ಹಾಗಾಗಿ ಹೊರಗೆ ಬರುವಾಗ ಹೆಚ್ಚು ಕಮ್ಮಿ ಅಮ್ಮನ ಹಾಗೆಯೇ ಕಾಣ್ತದೆ, ಬಣ್ಣ ಸ್ವಲ್ಪ ಮಂಕು ಅಷ್ಟೇ. ನಮ್ಮಲ್ಲಿ ಪಪ್ಪಾಯಿ ಕೊಯ್ಯದೆ ಮರದಲ್ಲೇ ಬಿಡ್ತೇವೆ. ತಟ್ಟೆ ಯಾವುದೂ ಇಲ್ಲ, ಆ ಹಣ್ಣೇ ತಟ್ಟೆ. ಒಂದು ಕಡೆಯಿಂದ ಕುಟ್ರು ತೂತು ಮಾಡ್ತದೆ, ಮತ್ತೆ ಪಿಕಳಾರ ಬರ್ತದೆ, ಮತ್ತೆ ಕರಿತಲೆ ಹೊನ್ನಕ್ಕಿ ಮರಿ ಸಮೇತ. ಹೊನ್ನಕ್ಕಿಯ ಮರಿಗೆ ಕೊಕ್ಕು ಕಪ್ಪು, ಗಂಟಲಲ್ಲಿ ಗೀರು ಗೀರು, ದೊಡ್ಡದರ ಆ ಗುಲಾಬಿ ಕೊಕ್ಕು ಮತ್ತು ನುಣುಪು ಕರಿತಲೆ ಆಮೇಲೆ ಬರುವುದು.

ಇನ್ನೊಂದು ವಿನಂತಿ. ತಲೆ ಹೋದ ತೆಂಗಿನ ಮರ, ಒಣಗಿದ ಹಾಲುವಾಣದ ಕೊಂಬೆ, ಮನೆಗೆ ದಾರಿಗೆ ಅಪಾಯ ಇಲ್ಲದಿದ್ರೆ ಕಡಿಸ್ಬೇಡಿ. ಕುಟ್ರು, ಮರಕುಟಿಗ ಕೊರೆದ ಪೊಟರೆಯಲ್ಲಿ ಅವು ಬಿಟ್ಟು ಹೋದ ಮೇಲೆ ಗೊರವಂಕ, ಮಡಿವಾಳ, ಗಿಳಿ ಎಲ್ಲ ಮೊಟ್ಟೆ ಇಡ್ತವೆ. ಒಂದು ಒಣ ಮರ ಕಡಿದ್ರೆ ಮುಂದಿನ ವರ್ಷದ ಮರಿಗಳಿಗೆ ಮನೆ ಇಲ್ಲ.

ಮಂಜೇಶ್ವರ ಅಕ್ಕ

ನಮ್ಮಲ್ಲಿ ಕಾಗೆ ಒಂದು ಕಪ್ಪು ಮರಿಗೆ ತುತ್ತು ಕೊಡ್ತಾ ಉಂಟು, ಆದ್ರೆ ಮರಿಯ ಬಾಲ ಉದ್ದ, ಕೂಗು ಕಾಗೆಯ ಕೂಗಲ್ಲ, ಕೀಚು ಕೀಚು ಅಂತ. ಕೋಗಿಲೆಯಾ?

ತೋಟದಂಚಿನ ಮನೆ (ಬದಿಯಡ್ಕ)

ಕೋಗಿಲೆಯೇ ಅಕ್ಕ, ಫೋಟೋ ತೆಗ್ದಿಡಿ. ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆ ಗೂಡಿನಲ್ಲಿ ಮೊಟ್ಟೆ ಇಡ್ತದೆ. ಅದರ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಎರಡು ಮೂರು ದಿನ ಮೊದಲೇ ಒಡೀತದೆ, ಹಾಗಾಗಿ ಆ ಮರಿ ಮುಂದೆ ಇರ್ತದೆ, ತುತ್ತು ಅದಕ್ಕೇ ಮೊದಲು. ಗೂಡು ಬಿಟ್ಟ ಮೇಲೂ ಎರಡು ಮೂರು ವಾರ ಕಾಗೆ ಹಿಂದೆ ಹಿಂದೆ ಹೋಗಿ ಕೊಡ್ತದೆ. ಕಣ್ಣು ನೋಡಿ, ದೊಡ್ಡ ಕೋಗಿಲೆಗೆ ರಕ್ತಗೆಂಪು, ಮರಿಗೆ ಅಷ್ಟು ಕೆಂಪು ಬಂದಿರುವುದಿಲ್ಲ. ಹರಟೆಮಲ್ಲನ ಗೂಡಿಗೂ ಹೀಗೆ ಮೊಟ್ಟೆ ಇಡುವ ಹಕ್ಕಿ ಉಂಟು, ಚಾತಕ. ಹರಟೆಮಲ್ಲ ತನಗಿಂತ ಬೇರೆ ಬಣ್ಣದ ಮರಿಗೆ ಉಣ್ಣಿಸುವುದು ಕಂಡ್ರೆ ಕೂಡ್ಲೇ ಬರೀರಿ. ದಯವಿಟ್ಟು ಯಾರೂ ಕೋಗಿಲೆ ಮರಿಯನ್ನು ಕಾಗೆಯಿಂದ "ಬಿಡಿಸ್ಲಿಕ್ಕೆ" ಹೋಗ್ಬೇಡಿ, ಅದಕ್ಕೆ ಅದೇ ತಂದೆ ತಾಯಿ.

ಉಪ್ಪಳ ಕಡಲಬದಿ

ಮರಿಗೂ ದೊಡ್ಡದಕ್ಕೂ ಬಣ್ಣ ಬೇರೆ ಅನ್ನುವ ಮಾತಿಗೆ ನಮ್ಮ ಕಡಲಬದಿಯದ್ದು ಒಂದು. ನಮ್ಮ ಕಾಸರಗೋಡು ಜಿಲ್ಲೆಗೆ 2023ರಲ್ಲಿ ಜಿಲ್ಲಾಪಕ್ಷಿ ಅಂತ ಆರಿಸಿದ್ರಲ್ಲ, ಬಿಳಿ ಹೊಟ್ಟೆಯ ಕಡಲ ಹದ್ದು, ಅದರ ಮರಿ ಮೈಯೆಲ್ಲ ಕಂದು. ಆ ಬಿಳಿ ಹೊಟ್ಟೆ ಬರ್ಲಿಕ್ಕೆ ವರ್ಷಗಟ್ಟಲೆ ಬೇಕು. ಅದನ್ನು ಬೇರೆ ಯಾವುದೋ ಗಿಡುಗ ಅಂತ ಹೇಳಿದವರು ತುಂಬಾ ಜನ. ತಟ್ಟೆಗೆ ಬರುವ ಹಕ್ಕಿ ಅಲ್ಲ, ಗೊತ್ತುಂಟು.

ನೀವು ಹೇಳಿದ ಹಾಗೆ ಸ್ವಲ್ಪ ಹಣ್ಣು ಇಡುವುದಕ್ಕೆ ನನ್ನ ತಕರಾರು ಇಲ್ಲ. ಆದ್ರೂ ನಾನು ನೀರು ಮಾತ್ರ ಇಡುವವ.

ಮಂಜೇಶ್ವರ ಅಕ್ಕ

ನೀರು ಇಟ್ರೆ ಸೊಳ್ಳೆ ಆಗ್ತದೆ, ಡೆಂಗ್ಯೂ ಬರ್ತದೆ ಅಂತ ಆಶಾ ವರ್ಕರ್ ಬಂದವರು ತಟ್ಟೆ ಮಗುಚಿ ಹೋದ್ರು.

ಕುಂಬಳೆ ಟೀಚರ್

ಅಕ್ಕ, ಅವರು ಹೇಳುವುದರಲ್ಲಿ ಸತ್ಯ ಉಂಟು, ಜೂನ್ ಜುಲೈಯಲ್ಲಿ ನಮ್ಮಲ್ಲಿ ಡೆಂಗ್ಯೂ ಇರ್ತದೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗ್ಲಿಕ್ಕೆ ಒಂದು ವಾರದ ಹತ್ತಿರ ಬೇಕು. ದಿನಾ ಬೆಳಿಗ್ಗೆ ನೀರು ಚೆಲ್ಲಿ, ತಟ್ಟೆಯ ಒಳಬದಿಯನ್ನು ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು ಹಾಕಿದ್ರೆ ಸೊಳ್ಳೆಗೆ ಅವಕಾಶವೇ ಇಲ್ಲ. ಅವರಿಗೂ ಹಾಗೇ ಹೇಳಿ, ಒಪ್ಪುತ್ತಾರೆ. ತಟ್ಟೆ ಆಳ ಬೇಡ, ಎರಡು ಬೆರಳಿನಷ್ಟು ಸಾಕು, ಮಧ್ಯದಲ್ಲಿ ಒಂದು ಒರಟು ಕಲ್ಲು ಇಡಿ, ಈಜ್ಲಿಕ್ಕೆ ಬಾರದ ಮರಿ ಜಾರಿ ಬಿದ್ರೆ ಹಿಡ್ಕೊಳ್ಳಿಕ್ಕೆ. ಮಳೆ ಹಿಡಿದ ಮೇಲೆ ನೀರಿನ ತಟ್ಟೆ ಬೇಕಾಗಿಯೇ ಇಲ್ಲ, ಕವುಚಿ ಇಟ್ಟುಬಿಡಿ.

ಸುರಂಗ ನೀರು (ಬಾಯಾರು)

ಬೆಕ್ಕು ಇರುವವರು ತಟ್ಟೆಯನ್ನು ಪೊದೆಗೆ ಅಂಟಿಸಿ ಇಡ್ಬೇಡಿ. ಬೆಕ್ಕು ಅಡಗಿ ಕೂತು ಹಾರ್ತದೆ. ಪೊದೆಯಿಂದ ಒಂದು ಐದಾರು ಹೆಜ್ಜೆ ದೂರ ಇದ್ರೆ ಮರಿಗೆ ಬೆಕ್ಕು ಬರುವುದೂ ಕಾಣ್ತದೆ, ಬಿಜ್ಜು ಗಿಡುಗ ಬಂದ್ರೆ ಪೊದೆಗೆ ಓಡ್ಲಿಕ್ಕೂ ಆಗ್ತದೆ. ರಾಂಬುಟಾನಿಗೆ ಬಲೆ ಹಾಕಿದವರು ಬಲೆ ಬಿಗಿಯಾಗಿ ಎಳೆದು ಕಟ್ಟಿ, ಜೋತು ಬಿದ್ದ ಬಲೆಯಲ್ಲಿ ಕಾಲು ಸಿಕ್ಕುವುದು ಜಾಸ್ತಿಯಾಗಿ ಈ ವರ್ಷ ಹುಟ್ಟಿದ ಮರಿಗಳದ್ದೇ.

ಪೆರ್ಲದವ

ಈಗ ನೋಡಿದ್ದು, ಬೇಗ ಹೇಳಿ ಯಾರಾದ್ರೂ. ಗಾತ್ರ ಮಡಿವಾಳದಷ್ಟು, ರೆಕ್ಕೆಯಲ್ಲಿ ಬಿಳಿ ಪಟ್ಟಿ ಉಂಟು, ಆದ್ರೆ ಎದೆಯಲ್ಲಿ ಕಂದು ಬಣ್ಣದ ಮೀನಿನ ಹುರುಪೆ ಹಾಗೆ ಚುಕ್ಕಿ ಚುಕ್ಕಿ. ಬಾಲ ಎತ್ತಿ ಎತ್ತಿ ಇಳಿಸ್ತಾ ಅಂಗಳದಲ್ಲಿ ಇರುವೆ ಹೆಕ್ಕುತ್ತಾ ಉಂಟು. ನಮ್ಮ ನೆರೆಯ ಮಲಯಾಳಿ ಚೇಚಿ ಮಣ್ಣಾತ್ತಿ ಅಂದ್ರು, ನನಗೆ ಧೈರ್ಯ ಇಲ್ಲ.

ಹಳೆ ತಲೆ (ಎಣ್ಮಕಜೆ)

ಚೇಚಿ ಹೇಳಿದ್ದು ಸರಿ, ಮಡಿವಾಳದ ಮರಿ. ಆ ಚುಕ್ಕಿ ಗರಿ ಉದುರಿ ಎದೆ ಕಪ್ಪಾದ್ರೆ ಗಂಡು, ಬೂದಿ ಆದ್ರೆ ಹೆಣ್ಣು. ತಾನೇ ಹೆಕ್ಕಿ ತಿನ್ತಾ ಉಂಟು ಅಂದ್ರೆ ಅಪ್ಪ ಅಮ್ಮ ಎರಡನೇ ಸಲ ಗೂಡು ಕಟ್ಟುವ ಕೆಲಸದಲ್ಲಿ ಇರ್ಬಹುದು, ಪೊಟರೆ ಕಡೆ ಹೋಗಿ ಗದ್ದಲ ಮಾಡ್ಬೇಡಿ.

ತೋಟದಂಚಿನ ಮನೆ (ಬದಿಯಡ್ಕ)

ಪೆರ್ಲದ ಅಣ್ಣ, ಇದನ್ನು ಇವತ್ತೇ ಈಬರ್ಡಿಗೆ (ಕಂಡ ಹಕ್ಕಿಯನ್ನು ದಾಖಲಿಸುವ ಜಾಲತಾಣ) ಹಾಕಿ, ಈಗಷ್ಟೇ ಗೂಡು ಬಿಟ್ಟ ಮರಿ, ತುತ್ತು ಕೊಡುವ ಹಕ್ಕಿ ಅಂತೆಲ್ಲ ಗುರುತು ಹಾಕ್ಲಿಕ್ಕೆ ಅದರಲ್ಲಿ ಜಾಗ ಉಂಟು. ಮಂಜೇಶ್ವರ ಅಕ್ಕ ಕೋಗಿಲೆಯದ್ದೂ ಹಾಕ್ಬೇಕು. ಪಂಚಾಯತಿನ ಹೆಸರು ಬರೆದ್ರೆ ಸಾಕು. ಗೂಡು ಯಾವ ಮರದಲ್ಲಿ ಅಂತ ಇಲ್ಲಿಯೂ ಬರೀಬೇಡಿ, ಅಲ್ಲಿಯೂ ಬರೀಬೇಡಿ, ಗೂಡಿನ ಹತ್ರ ಹೋಗಿ ತೆಗೆದ ಫೋಟೋ ಹಾಕ್ಲೇಬೇಡಿ. ತಟ್ಟೆಯ ಮೇಲಿನ ಫೋಟೋ ಎಷ್ಟು ಬೇಕಾದ್ರೂ ಹಾಕಿ.